ಓಜ, ಆಚಾರಿ ಮತ್ತು ಮಾಳಿಗೆಮನೆ: ಗದಗ ಪರಿಸರದ ಮರಗೆಲಸದ ಗುರುಪರಂಪರೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪರಿಸರದ ವಾಸ್ತುವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ದೇವಾಲಯಗಳಿಗೆ ಸೀಮಿತವಾಗಿವೆ. ಲಕ್ಕುಂಡಿಯ ಬ್ರಹ್ಮಜಿನಾಲಯ, ಗದುಗಿನ ತ್ರಿಕೂಟೇಶ್ವರ, ಲಕ್ಷ್ಮೇಶ್ವರದ ಸೋಮೇಶ್ವರ, ಡಂಬಳದ ದೊಡ್ಡಬಸಪ್ಪ ದೇವಾಲಯಗಳ ಬಗೆಗೆ ವಿಪುಲ ಸಾಹಿತ್ಯವಿದೆ. ಇದೇ ಊರುಗಳಲ್ಲಿ ಜನರು ವಾಸಿಸಿದ ಮಾಳಿಗೆಮನೆಗಳ ಮರಗೆಲಸವನ್ನು ಯಾರು ಮಾಡಿದರು, ಆ ವಿದ್ಯೆಯನ್ನು ಹೇಗೆ ಕಲಿಸಿದರು ಎಂಬ ಪ್ರಶ್ನೆ ಮಾತ್ರ ಹಿಂದುಳಿದಿದೆ. ಶಾಸನಗಳು ದಾನಿಯನ್ನು ಹೊಗಳುತ್ತವೆ. ಬಡಿಗನನ್ನು ಹೆಸರಿಸುವುದು ವಿರಳ. ಆದರೆ ಕಸುಬುದಾರನನ್ನು ಕರೆದ ಪದಗಳಲ್ಲಿಯೇ ಉತ್ತರದ ಒಂದು ಎಳೆ ದೊರೆಯುತ್ತದೆ.

ಶಿಲ್ಪಿಗಳ ಹೆಸರಿನ ಕೊನೆಗೆ ಬರುವ ‘ಓಜ’ ಎಂಬುದು ಸಂಸ್ಕೃತದ ‘ಉಪಾಧ್ಯಾಯ’ ಪದವು ಪ್ರಾಕೃತದ ಮೂಲಕ ಹಾದುಬಂದ ರೂಪ. ಹಳಗನ್ನಡದಲ್ಲಿ ಅದಕ್ಕೆ ಗುರು, ಕಲಿಸುವವನು ಎಂಬ ಅರ್ಥವೇ ಇದೆ. ‘ಆಚಾರಿ’ ಎಂಬುದೂ ‘ಆಚಾರ್ಯ’ದ ತದ್ಭವ. ಎಂದರೆ ಕಟ್ಟುವವನಿಗೂ ಕಲಿಸುವವನಿಗೂ ಕನ್ನಡ ನಾಡು ಒಂದೇ ಹೆಸರನ್ನು ಕೊಟ್ಟಿತ್ತು. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಿಗಳ ಸಹಿಗಳಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣರ ಜೊತೆಗೆ ಗದುಗಿನ ಕಾಟೋಜನ ಮಗ ನಾಗೋಜನ ಹೆಸರೂ ಇದೆ. ಊರು, ತಂದೆ, ತಾನು ಎಂಬ ಈ ಕ್ರಮವನ್ನು ಕೇವಲ ವಂಶಾವಳಿ ಎಂದು ಓದುವುದು ಸಾಲದು. ಅದು ವಿದ್ಯೆ ಬಂದ ದಾರಿಯ ಉಲ್ಲೇಖವೂ ಹೌದು.

ಕಲ್ಲಿನ ಕೆಲಸದವರನ್ನು ಮರಗೆಲಸದ ಚರಿತ್ರೆಗೆ ತರುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಎಂಟನೆಯ ಶತಮಾನದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನ ಇದಕ್ಕೆ ಸಮಾಧಾನ ನೀಡುತ್ತದೆ. ಅಲ್ಲಿ ತೆಂಕಣ ದೇಶದ ಸೂತ್ರಧಾರಿಯಾದ ಸರ್ವಸಿದ್ಧಿ ಆಚಾರಿಯನ್ನು ವಾಸ್ತು, ಪ್ರಾಸಾದಗಳಲ್ಲಿ ಮಾತ್ರವಲ್ಲದೆ ಯಾನ, ಆಸನ, ಶಯನಗಳಲ್ಲಿಯೂ ನಿಪುಣನೆಂದು ಸ್ತುತಿಸಲಾಗಿದೆ. ಬಂಡಿ, ಪೀಠ, ಮಂಚಗಳು ಬಡಿಗನ ಕೆಲಸಗಳು. ಐಹೊಳೆಯ ಲಾಡಖಾನ್ ಗುಡಿಯ ಮಾಡಿನಲ್ಲಿ ಚಪ್ಪಡಿಗಳ ಸಂದುಗಳ ಮೇಲೆ ಮರದ ದಿಮ್ಮಿಗಳಂತೆ ಉದ್ದನೆಯ ಕಲ್ಲುಗಳನ್ನು ಹೊದಿಸಲಾಗಿದೆ. ಮರದಲ್ಲಿ ಕಲಿತ ಕೈಯೇ ಅದನ್ನು ಕಲ್ಲಿನಲ್ಲಿ ಮಾಡಿದೆ ಎನ್ನದೆ ಬೇರೆ ವಿವರಣೆ ಕಷ್ಟ. ಲಕ್ಕುಂಡಿ, ಗದುಗಿನ ತಿರುಗಣೆ ಕಂಬಗಳಂತೂ ಮರ ಕಡೆಯುವ ವಿಧಾನವನ್ನು ನೇರವಾಗಿ ನೆನಪಿಸುತ್ತವೆ.

ಮನೆಗೂ ಗುಡಿಗೂ ಇರುವ ಇನ್ನೊಂದು ಸಂಬಂಧ ಅಂಕಣ. ನಾಲ್ಕು ಕಂಬಗಳ ನಡುವಿನ ಈ ಘಟಕದಿಂದಲೇ ಮಂಟಪವನ್ನೂ ಮನೆಯನ್ನೂ ಎಣಿಸುತ್ತಿದ್ದರು. ಮಳೆ ಕಡಿಮೆಯಾದ ಈ ಎರೆಸೀಮೆಯಲ್ಲಿ ಮಲೆನಾಡಿನ ಇಳಿಜಾರು ಮಾಡು ಬೇಕಿರಲಿಲ್ಲ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಸೀಳುಗಟ್ಟಿಗೆ, ಅದರ ಮೇಲೆ ಸೊಪ್ಪು-ಸದೆ, ಕೊನೆಗೆ ಕರಲು ಮಣ್ಣಿನ ಮೇಲ್ಮುದ್ದೆ: ಇದು ಮಾಳಿಗೆಯ ರಚನೆ. ಮೇಲ್ಮುದ್ದೆಯ ಭಾರ ಅಪಾರವಾದುದರಿಂದ ಜಂತಿಗಳನ್ನು ಒತ್ತೊತ್ತಾಗಿ ಹೊಂದಿಸಬೇಕು. ಮಾಳಿಗೆಗೆ ಕಣ್ಣಿಗೆ ಕಾಣದಷ್ಟು ಇಳುಕಲು ಕೊಡಬೇಕು, ಇಲ್ಲವಾದರೆ ನೀರು ನಿಂತು ಮರ ಕೊಳೆಯುತ್ತದೆ. ಬೋದಿಗೆಯು ತೊಲೆಯನ್ನು ಹೊರುವುದಷ್ಟೇ ಅಲ್ಲದೆ ಕಂಬಗಳ ನಡುವಣ ಅಂತರವನ್ನೂ ಮೊಟಕುಗೊಳಿಸುತ್ತದೆ. ಕಪ್ಪತಗುಡ್ಡದ ಕುರುಚಲು ಕಾಡಿನಲ್ಲಿ ಹೆಮ್ಮರಗಳು ದುರ್ಲಭವಾದ ನಾಡಿನಲ್ಲಿ ಇದು ಸಣ್ಣ ಲೆಕ್ಕಾಚಾರವಲ್ಲ. ಬೇವು, ಜಾಲಿಯ ಮೋಟು ತೊಲೆಯನ್ನೂ ಇದರಿಂದ ಬಳಸಬಹುದಾಗಿತ್ತು.

ಈ ಲೆಕ್ಕಗಳು ಗ್ರಂಥದಿಂದ ಬಂದವಲ್ಲ. ‘ಸೂತ್ರಧಾರಿ’ ಎಂದರೆ ದಾರ ಹಿಡಿದವನು. ದಾರ ಎಳೆದು ಗೆರೆ ಹೊಡೆಯುವುದು, ಬಾಚಿಯಿಂದ ಆ ಗೆರೆಗೆ ಕೆತ್ತುವುದು, ಆಮೇಲೆ ಉಳಿಯಿಂದ ತೂತು ಕೊರೆದು ತೊಲೆಯ ನಾಲಿಗೆಯನ್ನು ಕೂಡಿಸುವುದು, ಹೀಗೆ ಕೆಲಸವೇ ಪಾಠವಾಗಿತ್ತು. ಬಡಿಗೇರ ಮನೆತನಗಳು ಆಯಗಾರಿಕೆಯಲ್ಲಿ ರೈತರ ಕೂರಿಗೆ, ಕುಂಟೆ, ನೇಗಿಲುಗಳನ್ನು ಮಾಡಿಕೊಟ್ಟು ಸುಗ್ಗಿಯಲ್ಲಿ ಕಾಳು ಪಡೆಯುತ್ತಿದ್ದವು. ಈ ಕೃಷಿ ಉಪಕರಣಗಳೇ ಕಲಿಯುವವನ ಕೈ ಪಳಗಿಸುವ ಶಾಲೆಯಾಗಿದ್ದವೆನ್ನಬಹುದು.

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಗದಗ ಮತ್ತು ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿದ್ದವು. ಮೂರು ಆಡಳಿತಗಳ ಗಡಿಗಳು ಇಲ್ಲಿ ಹಾದುಹೋಗಿದ್ದರೂ ಮಾಳಿಗೆಯ ಕಟ್ಟಣೆ ಒಂದೇ ಬಗೆಯದು. ಕಸುಬಿನ ಭೂಗೋಳ ದಫ್ತರದ ಭೂಗೋಳಕ್ಕಿಂತ ಬೇರೆಯಾಗಿತ್ತು. ಇಂದಿನ ಗದಗ ಜಿಲ್ಲೆ ರೂಪುಗೊಂಡುದು 1997ರಲ್ಲಿ.

ಸಿಮೆಂಟು-ಕಬ್ಬಿಣದ ಚಾವಣಿ ಬಂದ ಮೇಲೆ ಈ ಕಲಿಕೆಯ ಸರಪಳಿ ತುಂಡಾಯಿತು. ಕಬ್ಬಿಣದ ಕೂರಿಗೆ, ಟ್ರ್ಯಾಕ್ಟರುಗಳು ಆಯಗಾರಿಕೆಯನ್ನೂ ಸಡಿಲಿಸಿದವು. ಇದನ್ನು ಬಡತನದ ಮನೆ ಹೋಗಿ ಭದ್ರವಾದ ಮನೆ ಬಂದಿತೆಂದು ಸರಳವಾಗಿ ಬರೆಯಲಾಗದು. ವರ್ಷವರ್ಷವೂ ಮೇಲ್ಮುದ್ದೆ ತಟ್ಟುವ ದುಡಿಮೆ ತಪ್ಪಿದ್ದನ್ನು ಜನರು ಸ್ವಾಗತಿಸಿದ್ದೂ ನಿಜವೇ. ಆದರೆ ಮಾಳಿಗೆ ಬಿಚ್ಚಿದಾಗ ಕಂಬ, ಬೋದಿಗೆ, ತೊಲೆಗಳು ಘನ ಅಡಿಯ ಲೆಕ್ಕದಲ್ಲಿ ಮಾರಾಟವಾಗಿ ಚದುರಿಹೋಗುತ್ತವೆ. ಯಾವ ಬೋದಿಗೆ ಯಾವ ಅಂಕಣದಲ್ಲಿತ್ತು, ಜಂತಿಗಳ ನಡುವೆ ಎಷ್ಟು ಅಂತರವಿತ್ತು ಎಂಬುದನ್ನು ಆಮೇಲೆ ತಿಳಿಯುವ ದಾರಿ ಇರುವುದಿಲ್ಲ. ನಾಗೋಜನ ಸಹಿ ಕಲ್ಲಿನಲ್ಲಿದ್ದುದರಿಂದ ಒಂಬೈನೂರು ವರ್ಷ ಉಳಿದಿದೆ. ಬಡಿಗನ ಸಹಿ ಇರುವುದು ಈ ಅಂತರಗಳಲ್ಲಿ. ಅವುಗಳ ಅಳತೆಯನ್ನು ಮಾಳಿಗೆ ಬಿಚ್ಚುವ ಮುನ್ನವೇ ತೆಗೆಯಬೇಕಾಗುತ್ತದೆ.