ಬಾಸ್ಕೆಟ್‌ಬಾಲ್ ತೀರ್ಪುಗಾರರ ಸ್ಥಾನ: ಒಂದು ಚಾರಿತ್ರಿಕ ಪರಿಶೀಲನೆ

ಆಟಗಳ ಚರಿತ್ರೆಯನ್ನು ಬರೆಯುವವರು ಆಟಗಾರರ ಸಾಧನೆಗಳನ್ನು ವರ್ಣಿಸುವುದು ವಾಡಿಕೆ. ತೀರ್ಪುಗಾರನು ಎಲ್ಲಿ ನಿಂತು ನೋಡುತ್ತಿದ್ದನೆಂದು ಕೇಳುವವರು ವಿರಳ. ಆದರೆ ಕಾಣದ ತಪ್ಪಿಗೆ ದಂಡನೆಯಿಲ್ಲ. ಆದುದರಿಂದ ಬಾಸ್ಕೆಟ್‌ಬಾಲಿನಲ್ಲಿ ನ್ಯಾಯದ ಚರಿತ್ರೆಯು ಬಹುಮಟ್ಟಿಗೆ ತೀರ್ಪುಗಾರನು ನಿಲ್ಲುವ ಸ್ಥಾನದ ಚರಿತ್ರೆಯೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಅಧ್ಯಾಪಕನಾಗಿದ್ದ ಜೇಮ್ಸ್ ನೈಸ್ಮಿತ್ ಈ ಆಟವನ್ನು ರೂಪಿಸಿದನು. ಆತನ 13 ನಿಯಮಗಳು 1892ರ ಜನವರಿಯಲ್ಲಿ ಅಚ್ಚಾದುವು. ಅವುಗಳಲ್ಲಿ ಹತ್ತನೆಯದು ಅಂಪೈರನನ್ನು ಆಟಗಾರರ ನಿರ್ಣಾಯಕನನ್ನಾಗಿಯೂ, ಹನ್ನೊಂದನೆಯದು ರೆಫರಿಯನ್ನು ಚೆಂಡಿನ ನಿರ್ಣಾಯಕನನ್ನಾಗಿಯೂ ಮಾಡಿತು. ತಪ್ಪುಗಳನ್ನು ಗುರುತಿಸುವುದು ಅಂಪೈರನ ಹೊಣೆ. ಚೆಂಡು ಗೆರೆಯೊಳಗಿದೆಯೆ, ಯಾವ ಪಕ್ಷಕ್ಕೆ ಸೇರಬೇಕು, ಗೋಲಾಯಿತೆ ಎಂಬುದನ್ನು ನಿರ್ಧರಿಸುವುದು ರೆಫರಿಯ ಹೊಣೆ. ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಆ ನಿಯಮಗಳು ಹೇಳಲಿಲ್ಲ. ಆದರೂ ಒಂದು ತತ್ತ್ವವು ಅವುಗಳಲ್ಲಿ ಅಡಗಿತ್ತು: ಚೆಂಡು ಎಲ್ಲರ ದೃಷ್ಟಿಯನ್ನೂ ಸೆಳೆಯುವುದಾದ್ದರಿಂದ, ಅದನ್ನು ಬಿಟ್ಟು ಮನುಷ್ಯರನ್ನೇ ನೋಡುವ ಕಣ್ಣೊಂದು ಬೇಕು.

ಮೊದಮೊದಲು ಪ್ರತಿಯೊಂದು ಗೋಲಿನ ತರುವಾಯವೂ ಚೆಂಡನ್ನು ಅಂಕಣದ ನಡುವೆ ಮೇಲಕ್ಕೆಸೆದು ಆಟವನ್ನು ಪುನಃ ಆರಂಭಿಸುತ್ತಿದ್ದರು. ಈ ಪದ್ಧತಿಯನ್ನು ಅಮೆರಿಕದ ಕಾಲೇಜುಗಳ ಆಟದಲ್ಲಿ 1937-38ರಲ್ಲಿ ಕೈಬಿಡಲಾಯಿತು. ಗೋಲಾದೊಡನೆಯೇ ಎದುರು ಪಕ್ಷವು ಚೆಂಡನ್ನು ಒಳಗೆಸೆದು ಓಡತೊಡಗಿತು. ತೀರ್ಪುಗಾರನಿಗೂ ಓಡದೆ ಗತ್ಯಂತರವಿಲ್ಲದಾಯಿತು.

ಇಬ್ಬರು ತೀರ್ಪುಗಾರರ ಪದ್ಧತಿಯಲ್ಲಿ ಒಬ್ಬನು ಮುಂದಾಗಿ ಓಡಿ ಬುಟ್ಟಿಯ ಬಳಿ ಅಂತ್ಯರೇಖೆಯ ಹೊರಗೆ ನಿಲ್ಲುತ್ತಾನೆ, ಇವನೇ 'ಲೀಡ್'. 'ಟ್ರೇಲ್' ಎನಿಸುವ ಇನ್ನೊಬ್ಬನು ಪಾರ್ಶ್ವರೇಖೆಯ ಕಡೆಯಿಂದ ಆಟವನ್ನು ಹಿಂಬಾಲಿಸುತ್ತಾನೆ. ಹತ್ತು ಮಂದಿ ಆಟಗಾರರೂ ಇವರಿಬ್ಬರ ನಡುವೆ ಇರಬೇಕು. ಚೆಂಡು ಎದುರು ದಿಕ್ಕಿಗೆ ತಿರುಗಿದಾಗ ಟ್ರೇಲನೇ ಲೀಡ್ ಆಗುತ್ತಾನೆ. ಒಬ್ಬನು ಚೆಂಡಿನ ಸುತ್ತಣ ಆಟವನ್ನು ನೋಡುವಾಗ ಇನ್ನೊಬ್ಬನು ಚೆಂಡಿಲ್ಲದ ಆಟಗಾರರನ್ನು ನೋಡಬೇಕು. ಹೀಗೆ, ನೈಸ್ಮಿತ್ ಇಬ್ಬರು ವ್ಯಕ್ತಿಗಳಿಗೆ ಹಂಚಿದ್ದ ಕರ್ತವ್ಯವು ಕ್ಷಣಕ್ಷಣಕ್ಕೂ ಬದಲಾಗುವ ಎರಡು ಸ್ಥಾನಗಳಿಗೆ ಹಂಚಿಹೋಯಿತು.

ಇಲ್ಲಿ ಸಾಮೀಪ್ಯಕ್ಕಿಂತ ಕೋನವು ಮುಖ್ಯ. ತಡೆಯುವವನ ಬೆನ್ನ ಹಿಂದೆ ನೇರವಾಗಿ ನಿಂತವನಿಗೆ ಇಬ್ಬರು ಆಟಗಾರರ ನಡುವಣ ತೆರಪು ಕಾಣದು. ತೆರಪು ಕಾಣದಿದ್ದರೆ ಮೈ ತಾಗಿತೆ ಇಲ್ಲವೆ ಎಂಬುದು ಕೇವಲ ಊಹೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಊಹೆಯು ಪ್ರತ್ಯಕ್ಷವಾಗುತ್ತದೆ.

94 ಅಡಿ ಉದ್ದ, 50 ಅಡಿ ಅಗಲದ ಅಂಕಣಕ್ಕೆ ಇಬ್ಬರು ಸಾಲರೆಂದು ಅಮೆರಿಕದ ವೃತ್ತಿಪರ ಸಂಘವಾದ ಎನ್.ಬಿ.ಎ. 1978-79ರಲ್ಲಿ ಮೂವರನ್ನು ನಿಯಮಿಸಿತು. ಒಂದೇ ಋತುವಿನ ಬಳಿಕ ಹಿಂದೆಗೆದು, 1988-89ರಲ್ಲಿ ಅದೇ ಕ್ರಮವನ್ನು ಸ್ಥಿರಪಡಿಸಿತು. 'ಸೆಂಟರ್' ಎನಿಸಿದ ಮೂರನೆಯವನು ಉಳಿದಿಬ್ಬರಿಗೆ ಎದುರಾದ ಪಾರ್ಶ್ವದಲ್ಲಿ, ಫ್ರೀ ಥ್ರೋ ರೇಖೆಯ ನೇರಕ್ಕೆ ನಿಲ್ಲುತ್ತಾನೆ.

ಪ್ರೇಕ್ಷಕರ ದೃಷ್ಟಿ ಚೆಂಡಿನ ಮೇಲಿರುವಾಗ ಅತ್ತ ದೂರದಲ್ಲಿ ನೂಕಿಸಿಕೊಂಡ ಆಟಗಾರನಿಗೂ ನ್ಯಾಯ ಸಲ್ಲಬೇಕಷ್ಟೆ. ಅವನ ಸಾಕ್ಷಿಯಾಗಿ ಒಬ್ಬನಾದರೂ ಇರಲೆಂಬುದೇ ಈ ವ್ಯವಸ್ಥೆಗಳೆಲ್ಲದರ ತಾತ್ಪರ್ಯವೆಂದು ನಾವು ಭಾವಿಸುತ್ತೇವೆ.