ಒರಾಯನ್ ಮತ್ತು ಮೃಗಶಿರ: ಬೇಟೆಯ ಕಥೆ, ಬಿತ್ತನೆಯ ಲೆಕ್ಕ

ಕಡೂರು ತಾಲ್ಲೂಕಿನ ಹಿರೇನಲ್ಲೂರು ಹೋಬಳಿಯಂಥ ಬಯಲುಸೀಮೆಯ ಖುಷ್ಕಿ ಬೇಸಾಯದಲ್ಲಿ ರೋಹಿಣಿ, ಮೃಗಶಿರ, ಆರಿದ್ರೆ ಎಂಬುವು ಮೊದಲಿಗೆ ಮಳೆಗಳ ಹೆಸರು, ಆಮೇಲೆ ನಕ್ಷತ್ರಗಳದು. ಇವುಗಳಲ್ಲಿ ಮೃಗಶಿರ, ಆರಿದ್ರೆ ಎರಡೂ ಗ್ರೀಕರು ಒರಾಯನ್ ಎಂದ ತಾರಾಪುಂಜಕ್ಕೆ ಸೇರಿದವು.

ಒರಾಯನ್ ಹೆಸರಿಗೆ ಗ್ರೀಕ್ ಪುರಾಣ ಕೊಡುವ ನಿಷ್ಪತ್ತಿ ತುಸು ಒರಟು. ಬಿಯೋಷಿಯಾದ ಹೈರಿಯಸ್‌ಗೆ ಮಕ್ಕಳಿರಲಿಲ್ಲ. ಅತಿಥಿಗಳಾಗಿ ಬಂದ ಮೂವರು ದೇವತೆಗಳು ಎತ್ತಿನ ಚರ್ಮದ ಮೇಲೆ ಮೂತ್ರ ವಿಸರ್ಜಿಸಿ ಅದನ್ನು ಹೂಳಿಸಿದರು, ಅದರಿಂದ ಹುಟ್ಟಿದವನೇ ಒರಾಯನ್. ಮೂತ್ರ ಎಂಬರ್ಥದ ‘ಊರೊನ್’ ಪದಕ್ಕೆ ಹೆಸರನ್ನು ಜೋಡಿಸಲು ಕಟ್ಟಿದ ಕಥೆಯಿದು. ಕೆಲವು ಗ್ರೀಕ್ ಕವಿಗಳಲ್ಲಿ ಸಿಗುವ ‘ಓಆರಿಯೋನ್’ ರೂಪಕ್ಕೆ ಈ ನಿಷ್ಪತ್ತಿ ಒಗ್ಗುವುದಿಲ್ಲ. ಹೋಮರನಿಗಂತೂ ಅವನು ಸತ್ತ ಮೇಲೂ ಪಾತಾಳದಲ್ಲಿ ಮೃಗಗಳನ್ನು ಅಟ್ಟುವ ಬೇಟೆಗಾರ.

ಐತರೇಯ ಬ್ರಾಹ್ಮಣದಲ್ಲಿ ಅದೇ ಆಕಾಶದಲ್ಲಿ ಬೇಟೆ ತಿರುಗುಮುರುಗಾಗಿದೆ. ಮಗಳನ್ನು ಬಯಸಿ ಜಿಂಕೆಯಾದ ಪ್ರಜಾಪತಿಯೇ ಇಲ್ಲಿ ಬೇಟೆ. ಗ್ರೀಕರಿಗೆ ಬೇಟೆಗಾರನ ನಡುಪಟ್ಟಿಯಾದ ಮೂರು ನಕ್ಷತ್ರಗಳು ಇಲ್ಲಿ ರುದ್ರನ ಮೂರು ಭಾಗದ ಬಾಣ. ಅವರಿಗೆ ಒರಾಯನ್‌ನ ನಾಯಿಯಾದ ಲುಬ್ಧಕ ಇಲ್ಲಿ ಮೃಗವ್ಯಾಧ, ಅಂದರೆ ಬೇಟೆಗಾರ. ಬಾಲಗಂಗಾಧರ ತಿಲಕರು 1893ರ ‘ಒರಾಯನ್’ ಗ್ರಂಥದಲ್ಲಿ ವೈದಿಕ ‘ಆಗ್ರಯಣ’ ಮತ್ತು ಗ್ರೀಕ್ ‘ಒರಾಯನ್’ ಪದಗಳಿಗೆ ಒಂದೇ ಮೂಲ ಹುಡುಕಿದರು. ಶಬ್ದಸಾಮ್ಯದಾಚೆಗೆ ಅದಕ್ಕೆ ಆಧಾರ ಸಾಲದು. ಕಥೆಗಳನ್ನಲ್ಲ, ಬೇಸಾಯದಲ್ಲಿ ಅವುಗಳ ಬಳಕೆಯನ್ನು ಹೋಲಿಸುವುದೇ ಹೆಚ್ಚು ಫಲ ಕೊಡುತ್ತದೆ.

ಬಿಯೋಷಿಯಾದವನೇ ಆದ ಹೆಸಿಯಡ್ ಒರಾಯನ್ ಮೂಡಿದಾಗ ಕಣದಲ್ಲಿ ಒಕ್ಕಣೆ ಮಾಡಿಸಲು ಹೇಳುತ್ತಾನೆ. ಅದು ಕಣ್ಣಿಗೆ ಕಾಣುವ ಗುರುತು. ನಮ್ಮದು ಹಾಗಲ್ಲ. ಜೂನ್ 7–8ರ ಹೊತ್ತಿಗೆ ಸೂರ್ಯನೇ ಮೃಗಶಿರಕ್ಕೆ ಬರುವುದರಿಂದ ಆ ಮಳೆಯ ದಿನಗಳಲ್ಲಿ ನಕ್ಷತ್ರ ಬಿಸಿಲಿನಲ್ಲಿ ಮುಳುಗಿರುತ್ತದೆ. ಮೋಡವಿಲ್ಲದಿದ್ದರೂ ಕಾಣದು. ರೈತ ನೆಚ್ಚುವುದು ಪಂಚಾಂಗದ ಲೆಕ್ಕವನ್ನು: ಕ್ರಾಂತಿವೃತ್ತದ 27 ಸಮಭಾಗಗಳಲ್ಲಿ ಸೂರ್ಯ ಎಲ್ಲಿದ್ದಾನೆ ಎಂಬುದನ್ನು.

ಈ ಲೆಕ್ಕವೂ ಸ್ಥಿರವಲ್ಲ. ಅಯನಚಲನೆಯಿಂದ ನಕ್ಷತ್ರಪ್ರವೇಶ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಋತುವಿನಲ್ಲಿ ತಡವಾಗುತ್ತ ಹೋಗುತ್ತದೆ. ಕಳೆದ 1700 ವರ್ಷಗಳಲ್ಲಿ ಹತ್ತಿರಹತ್ತಿರ 24 ದಿನ. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ, ಆಗ ಮೃಗಶಿರ ಹುಟ್ಟುತ್ತಿದ್ದುದು ಮೇ ಮಧ್ಯದಲ್ಲಿ, ಮುಂಗಾರಿಗೂ ಮೊದಲು. ಆದ್ದರಿಂದ ಮೃಗಶಿರದ ಕಥೆ ವೇದಕಾಲದ್ದಾದರೂ, ಮೃಗಶಿರ ಮಳೆಗೆ ಬಿತ್ತುವ ರೂಢಿಯನ್ನು ಅಷ್ಟು ಹಿಂದಕ್ಕೆ ಒಯ್ಯಲಾಗದು.