ಹಳೆಯ ಆಟ, ಹೊಸ ವಿಂಡೋಸ್: ಹೊಂದಾಣಿಕೆಯ ಹೊರೆ ಯಾರ ಹೆಗಲಿಗೆ?

2024ರ ಅಕ್ಟೋಬರಿನಲ್ಲಿ ವಿಂಡೋಸ್ 11ರ '24ಎಚ್2' ಆವೃತ್ತಿ ಹೊರಬಂದ ಮೇಲೆ, 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಡುವವರಿಗೆ ವಿಚಿತ್ರವೊಂದು ಎದುರಾಯಿತು. ಆಟದಲ್ಲಿದ್ದ 'ಸ್ಕಿಮ್ಮರ್' ಎಂಬ ಜಲವಿಮಾನ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಹೇಗೋ ತರಿಸಿಕೊಂಡು ಹತ್ತಿದರೆ ಆಟಗಾರ ಆಕಾಶದಾಚೆಗೆ ಚಿಮ್ಮಿಹೋಗುತ್ತಿದ್ದ. ಈ ಆಟದ ದೋಷಗಳನ್ನು ವರ್ಷಗಳಿಂದ ತಿದ್ದುತ್ತಾ ಬಂದಿರುವ, 'ಸೈಲೆಂಟ್' ಎಂಬ ಹೆಸರಿನ ಹವ್ಯಾಸಿ ಪ್ರೋಗ್ರಾಮರ್ ಇದರ ಮೂಲ ಹುಡುಕಿದರು. ವಾಹನಗಳ ವಿವರವಿದ್ದ ಕಡತದಲ್ಲಿ ಸ್ಕಿಮ್ಮರ್‌ನ ಸಾಲಿಗೆ ಚಕ್ರದ ಅಳತೆಯನ್ನು ಬರೆದೇ ಇರಲಿಲ್ಲ. ಆ ಸಾಲು ಓದುವ ಹೊತ್ತಿಗೆ ಹಿಂದಿನ ವಾಹನದ ಅಂಕಿಗಳು ಮೆಮೊರಿಯಲ್ಲಿ ಅಳಿಯದೆ ಉಳಿದಿರುತ್ತಿದ್ದವು; ಆಟ ಅವನ್ನೇ ಎತ್ತಿಕೊಂಡು ಸುಮಾರು 20 ವರ್ಷ ಸುಖವಾಗಿ ನಡೆಯಿತು. ಹೊಸ ವಿಂಡೋಸ್ ತನ್ನ ಒಳಗಿನ ಕೆಲಸವೊಂದಕ್ಕೆ ಅದೇ ಜಾಗವನ್ನು ಸ್ವಲ್ಪ ಹೆಚ್ಚಾಗಿ ಬಳಸತೊಡಗಿದ್ದೇ ತಡ, ಆ ಅಂಕಿಗಳು ಅಳಿಸಿಹೋದವು.

ವಿಂಡೋಸ್ ಇಲ್ಲಿ ಯಾವ ನಿಯಮವನ್ನೂ ಮುರಿದಿರಲಿಲ್ಲ. ತಪ್ಪು ಆಟದ್ದೇ. ಆದರೂ ದೂರು ಕೇಳಬೇಕಾಗಿ ಬಂದದ್ದು ಹೊಸ ಆವೃತ್ತಿ, ತಿದ್ದಿದ್ದು ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರು. ಹಳೆಯ ಆಟಗಳನ್ನು ಹೊಸ ವ್ಯವಸ್ಥೆಯಲ್ಲಿ ಓಡಿಸುವ ನಾಲ್ಕು ದಶಕಗಳ ಕಥೆಯನ್ನು ಹೀಗೆ ನೋಡಬಹುದು: ಹೊಂದಾಣಿಕೆಯ ಹೊರೆ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತಾ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದು, ಮನೆಮನೆಯ ಕಂಪ್ಯೂಟರುಗಳು 11ಕ್ಕೆ ಬಡ್ತಿ ಪಡೆಯುತ್ತಿರುವ ಈ ಹೊತ್ತಿನಲ್ಲಿ ಆ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡುವುದು ಒಳ್ಳೆಯದು.

ಡಾಸ್: ಎಲ್ಲವೂ ಆಡುವವನ ಪಾಲು

ಎಂಬತ್ತರ ದಶಕದ ಕೊನೆ, ತೊಂಬತ್ತರ ದಶಕದ ಮೊದಲ ವರ್ಷಗಳ ಡಾಸ್ ಆಟಗಳು ಆಪರೇಟಿಂಗ್ ಸಿಸ್ಟಂ ಅನ್ನು ಹೆಚ್ಚು ಕೇಳುತ್ತಲೇ ಇರಲಿಲ್ಲ. ಪರದೆಯ ಮೆಮೊರಿಗೆ ತಾವೇ ಬಣ್ಣ ಬರೆಯುತ್ತಿದ್ದವು. ಸೌಂಡ್ ಬ್ಲಾಸ್ಟರ್ ಕಾರ್ಡಿನ ಜೊತೆ ತಾವೇ ಮಾತಾಡುತ್ತಿದ್ದವು. ಕಾರ್ಡ್ ಯಾವ ಇಂಟರಪ್ಟ್ ಸಂಖ್ಯೆಯಲ್ಲಿದೆ ಎಂದು ಹೇಳಬೇಕಾದವನು ಆಡುವವನು. 640 ಕೆಬಿ ಮೆಮೊರಿಯೊಳಗೆ ಮೌಸ್, ಸಿಡಿ ಡ್ರೈವ್‌ಗಳ ಡ್ರೈವರುಗಳನ್ನು ತುರುಕಿ, ಉಳಿದದ್ದರಲ್ಲಿ ಆಟಕ್ಕೆ ಜಾಗ ಮಾಡಿಕೊಡಬೇಕಾದವನೂ ಅವನೇ. ಅದಕ್ಕಾಗಿ ಒಂದೊಂದು ಆಟಕ್ಕೆ ಒಂದೊಂದು ಬೂಟ್ ಫ್ಲಾಪಿ ಮಾಡಿಟ್ಟುಕೊಂಡವರಿದ್ದರು.

ಇದಕ್ಕಿಂತ ತಮಾಷೆಯ ತೊಂದರೆ ವೇಗದ್ದು. 1990ರ 'ವಿಂಗ್ ಕಮಾಂಡರ್' ತನ್ನ ಕಾಲದ ಪ್ರೊಸೆಸರ್ ಎಷ್ಟು ವೇಗವಾಗಿ ಓಡಬಲ್ಲದೋ ಅಷ್ಟೇ ವೇಗವಾಗಿ ಓಡುವಂತೆ ಬರೆದ ಆಟ. ಮುಂದಿನ ತಲೆಮಾರಿನ ಯಂತ್ರದಲ್ಲಿ ಶತ್ರುವಿನ ನೌಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ತೆರೆಯುವಾಗಲೇ ಯಂತ್ರದ ವೇಗವನ್ನು ಅಳೆಯುತ್ತಿದ್ದವು. ಪ್ರೊಸೆಸರ್ 200 ಮೆಗಾಹರ್ಟ್ಸ್ ದಾಟಿದ ಮೇಲೆ ಆ ಲೆಕ್ಕದ ಉತ್ತರ ಅದಕ್ಕಿಟ್ಟ ಜಾಗದಲ್ಲಿ ಹಿಡಿಸದೆ 'ರನ್‌ಟೈಮ್ ಎರರ್ 200' ಎಂದು ಬಿದ್ದುಹೋಗುತ್ತಿದ್ದವು. ಯಂತ್ರವನ್ನು ಬೇಕೆಂದೇ ನಿಧಾನ ಮಾಡುವ 'ಮೊ'ಸ್ಲೋ'ದಂಥ ಸಣ್ಣ ಪ್ರೋಗ್ರಾಂಗಳು ಹುಟ್ಟಿದ್ದು ಇಂಥ ಸಂಕಟದಲ್ಲಿ.

ಮೈಕ್ರೋಸಾಫ್ಟ್ ಹೊರೆ ಹೊತ್ತ ಕಾಲ

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಾಗ ಲೆಕ್ಕ ಬದಲಾಯಿತು. ಜನ ತಮ್ಮ ಹಳೆಯ ತಂತ್ರಾಂಶ ನಡೆಯದಿದ್ದರೆ ಹೊಸದನ್ನು ಕೊಳ್ಳಲಾರರು ಎಂಬುದು ಮೈಕ್ರೋಸಾಫ್ಟ್‌ಗೆ ಚೆನ್ನಾಗಿ ಗೊತ್ತಿತ್ತು. ಅದರ ಪ್ರಸಿದ್ಧ ಉದಾಹರಣೆ 'ಸಿಮ್‌ಸಿಟಿ'. ಈ ಆಟ ತಾನು ಬಿಟ್ಟುಕೊಟ್ಟ ಮೆಮೊರಿಯನ್ನು ಆಮೇಲೂ ಓದುತ್ತಿತ್ತು. ಹಳೆಯ ವಿಂಡೋಸ್‌ನಲ್ಲಿ ಆ ಜಾಗಕ್ಕೆ ತಕ್ಷಣ ಯಾರೂ ಬರುತ್ತಿರಲಿಲ್ಲವಾದ್ದರಿಂದ ತಪ್ಪು ಮುಚ್ಚಿಹೋಗಿತ್ತು. ವಿಂಡೋಸ್ 95ರಲ್ಲಿ ಆಟ ಕುಸಿಯತೊಡಗಿದಾಗ, ಓಡುತ್ತಿರುವುದು ಸಿಮ್‌ಸಿಟಿಯೇ ಎಂದು ಗುರುತಿಸಿ, ಅದಕ್ಕಾಗಿಯೇ ಮೆಮೊರಿ ಹಂಚುವ ಕ್ರಮವನ್ನು ಬದಲಿಸುವ ತುಣುಕನ್ನು ವಿಂಡೋಸ್‌ಗೆ ಸೇರಿಸಲಾಯಿತು. ಬೇರೆಯವರ ಆಟದ ತಪ್ಪಿಗೆ ತನ್ನ ಆಪರೇಟಿಂಗ್ ಸಿಸ್ಟಂನಲ್ಲಿ ತೇಪೆ.

ಅದೇ ಹೊತ್ತಿಗೆ ಡಾಸ್ ಆಟ ಬರೆಯುವವರನ್ನು ವಿಂಡೋಸ್‌ಗೆ ಕರೆತರುವ ಕೆಲಸವೂ ನಡೆದಿತ್ತು. 1994ರ ಕ್ರಿಸ್‌ಮಸ್‌ನಲ್ಲಿ ಡಿಸ್ನಿಯ 'ಲಯನ್ ಕಿಂಗ್' ಸಿಡಿ ಹಲವು ಕಾಂಪ್ಯಾಕ್ ಕಂಪ್ಯೂಟರುಗಳಲ್ಲಿ ಡ್ರೈವರ್ ಸಮಸ್ಯೆಯಿಂದ ಕುಸಿದು ದೊಡ್ಡ ಮುಜುಗರವಾಗಿತ್ತು. 1995ರ ಸೆಪ್ಟೆಂಬರಿನಲ್ಲಿ ಬಂದ ಡೈರೆಕ್ಟ್‌ಎಕ್ಸ್ ಈ ಗೊಂದಲಕ್ಕೆ ಉತ್ತರವಾಯಿತು: ಆಟ ಇನ್ನು ಹಾರ್ಡ್‌ವೇರ್ ಜೊತೆ ನೇರ ಮಾತಾಡಬೇಕಿಲ್ಲ, ನಡುವೆ ಒಂದು ಒಪ್ಪಂದದ ಪದರ ಇರುತ್ತದೆ. ಇಂದು ತೊಂಬತ್ತರ ದಶಕದ ಕೊನೆಯ ಆಟಗಳನ್ನು ಉಳಿಸಲು ಸಾಧ್ಯವಾಗಿರುವುದು ಬಹುಮಟ್ಟಿಗೆ ಈ ಪದರದಿಂದ. ಅದನ್ನೇ ಇನ್ನೊಬ್ಬರು ಮರುಸೃಷ್ಟಿಸಿ ಕೊಟ್ಟರೆ ಆಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

2001ರ ವಿಂಡೋಸ್ ಎಕ್ಸ್‌ಪಿ ಡಾಸ್‌ನ ಬುನಾದಿಯನ್ನು ಕೈಬಿಟ್ಟು ಎನ್‌ಟಿ ಬುನಾದಿಗೆ ಬಂತು. ಸಾವಿರಾರು ಆಟಗಳು ಒಮ್ಮೆಲೇ ಎಡವುವ ಅಪಾಯವಿತ್ತು. ಅದಕ್ಕೆ ಪರಿಹಾರವಾಗಿ ಬಂದದ್ದು ಬಲ ಕ್ಲಿಕ್ ಮಾಡಿದರೆ ಸಿಗುವ ಕಂಪ್ಯಾಟಿಬಿಲಿಟಿ ಮೋಡ್. ಇದರ ಹಿಂದಿರುವ 'ಶಿಮ್' ಎಂಬ ಪುಟ್ಟ ತುಣುಕುಗಳ ಕೆಲಸ, ಮನೆಯ ಹಿರಿಯರ ಸಮಾಧಾನಕ್ಕೆ ಹೇಳುವ ಸಣ್ಣ ಸುಳ್ಳಿನಂಥದ್ದು. ಆಟ 'ಇದು ಯಾವ ವಿಂಡೋಸ್?' ಎಂದು ಕೇಳಿದರೆ '95' ಎಂಬ ಉತ್ತರ ಹೋಗುತ್ತದೆ. ಪರದೆ 256 ಬಣ್ಣದ್ದೇ ಎಂದು ನಂಬಿಸಲಾಗುತ್ತದೆ.

64 ಬಿಟ್ ಎಂಬ ಗಡಿ

ಈ ಉದಾರತೆಗೆ ಗಡಿ ಬಿದ್ದದ್ದು 64 ಬಿಟ್ ವಿಂಡೋಸ್‌ನಲ್ಲಿ. ಪ್ರೊಸೆಸರ್ 64 ಬಿಟ್ ಸ್ಥಿತಿಯಲ್ಲಿ ಓಡುವಾಗ, ಹಳೆಯ ಡಾಸ್ ಪ್ರೋಗ್ರಾಂಗಳಿಗೆ ಆಸರೆಯಾಗಿದ್ದ 'ವರ್ಚುವಲ್ 8086' ಸೌಲಭ್ಯ ಸಿಗುವುದಿಲ್ಲ. ಹೀಗಾಗಿ 64 ಬಿಟ್ ವಿಂಡೋಸ್ ಡಾಸ್ ಆಟಗಳನ್ನೂ, ಅವುಗಳ ಜೊತೆಗೇ ವಿಂಡೋಸ್ 3.1ರ ಕಾಲದ 16 ಬಿಟ್ ಆಟಗಳನ್ನೂ ಕೈಬಿಟ್ಟಿತು. 32 ಬಿಟ್ ಆಟಗಳಿಗೆ ಅಡ್ಡಿಯಿರಲಿಲ್ಲ. ಆದರೆ ಆಟ 32 ಬಿಟ್ ಆಗಿದ್ದರೂ ಅದರ ಇನ್‌ಸ್ಟಾಲರ್ 16 ಬಿಟ್ ಆಗಿದ್ದ ಸಿಡಿಗಳು ಎಷ್ಟೋ. ಒಳಗೆ ಆರೋಗ್ಯವಾಗಿರುವ ಆಟ, ಬಾಗಿಲು ಮಾತ್ರ ತೆರೆಯದು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲವಾದ್ದರಿಂದ, 10ರವರೆಗೆ ಉಳಿದಿದ್ದ ಕೊನೆಯ ಹಿಂಬಾಗಿಲೂ ಈಗ ಮುಚ್ಚಿದೆ.

2007ರ ವಿಸ್ಟಾ ಇನ್ನೂ ಕೆಲವು ಪೆಟ್ಟು ಕೊಟ್ಟಿತು. ಧ್ವನಿಯ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದ್ದರಿಂದ ಹಳೆಯ ಆಟಗಳ ಸುತ್ತುಧ್ವನಿ ಮೌನವಾಯಿತು. ವಿಸ್ಟಾ ಮತ್ತು 7ರಲ್ಲಿ 'ಏಜ್ ಆಫ್ ಎಂಪೈರ್ಸ್ 2', 'ಸ್ಟಾರ್‌ಕ್ರಾಫ್ಟ್'ಗಳ ಬಣ್ಣಗಳು ಕಲಸಿಹೋದವು. 256 ಬಣ್ಣಗಳ ಪಟ್ಟಿಯನ್ನು ಡೆಸ್ಕ್‌ಟಾಪ್ ನಡುನಡುವೆ ಕಸಿದುಕೊಳ್ಳುತ್ತಿದ್ದುದೇ ಕಾರಣ. ಟಾಸ್ಕ್ ಮ್ಯಾನೇಜರ್‌ಗೆ ಹೋಗಿ ಎಕ್ಸ್‌ಪ್ಲೋರರ್ ಅನ್ನೇ ನಿಲ್ಲಿಸಿ ಆಟ ಶುರು ಮಾಡುವುದನ್ನು ಆಟಗಾರರು ಕಲಿತರು. ಎಕ್ಸ್‌ಪಿ ಜೊತೆ ಬರುತ್ತಿದ್ದ ಪಿನ್‌ಬಾಲ್ ಕೂಡ ಇಲ್ಲಿ ಬಲಿಯಾಯಿತು. 64 ಬಿಟ್‌ಗೆ ಬದಲಿಸಿದಾಗ ಚೆಂಡು ಅಡ್ಡಿಗಳಿಗೆ ತಾಗದೆ ತೂರಿಹೋಗುತ್ತಿತ್ತು, ಕೋಡ್ ಬೇರೆ ಕಂಪನಿಯದ್ದಾದ್ದರಿಂದ ದೋಷ ಹಿಡಿಯಲಾಗದೆ ಬಿಟ್ಟೆವು ಎಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ವಿವರಿಸಿದ್ದಾರೆ. ಸ್ವತಃ ಮೈಕ್ರೋಸಾಫ್ಟ್‌ಗೇ ಕೈಲಾಗದ್ದು ಎಂದರೆ ಉಳಿದವರ ಪಾಡೇನು?

ಆಪಲ್ ಈ ವಿಷಯದಲ್ಲಿ ಎಂದೂ ಹೆಚ್ಚು ಮುಲಾಜು ತೋರಿಸಿದ್ದಲ್ಲ. ಪವರ್‌ಪಿಸಿ ಕಾಲದ ಆಟಗಳನ್ನು ಓಡಿಸುತ್ತಿದ್ದ ರೊಸೆಟ್ಟಾವನ್ನು 2011ರ ಲಯನ್ ಆವೃತ್ತಿಯಲ್ಲಿ ತೆಗೆಯಿತು. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಆಟಗಳನ್ನೆಲ್ಲ ಒಂದೇ ಬಾರಿಗೆ ನಿಲ್ಲಿಸಿತು. ಐಫೋನಿನಲ್ಲಿ ಇದೇ ಕೆಲಸ 2017ರ ಐಒಎಸ್ 11ರಲ್ಲೇ ಮುಗಿದಿತ್ತು.

ಹವ್ಯಾಸಿಗಳ ಪ್ರವೇಶ

ಕಂಪನಿಗಳು ಇಳಿಸಿದ ಹೊರೆಯನ್ನು ಎತ್ತಿಕೊಂಡವರು ಸಂಬಳವಿಲ್ಲದ ಪ್ರೋಗ್ರಾಮರುಗಳು. ಅವರು ಹಿಡಿದ ದಾರಿ ಮುಖ್ಯವಾಗಿ ಮೂರು.

ಮೊದಲನೆಯದು ಹಳೆಯ ಯಂತ್ರವನ್ನೇ ತಂತ್ರಾಂಶದಲ್ಲಿ ಕಟ್ಟುವುದು, ಅಂದರೆ ಎಮ್ಯುಲೇಟರ್. ನೆದರ್‌ಲ್ಯಾಂಡ್ಸಿನ ಇಬ್ಬರು ಪ್ರೋಗ್ರಾಮರುಗಳು ಶುರು ಮಾಡಿದ ಡಾಸ್‌ಬಾಕ್ಸ್ 2002ರಲ್ಲಿ ಬಂತು. ಪ್ರೊಸೆಸರ್, ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್ ಎಲ್ಲವನ್ನೂ ಅದು ನಟಿಸುತ್ತದೆ. ವೇಗವನ್ನು ಆಡುವವನೇ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ನಮ್ಮೂರುಗಳ ಕಂಪ್ಯೂಟರ್ ತರಗತಿಗಳಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ಆಡುತ್ತಿದ್ದ 'ಡೇವ್', 'ಪ್ರಿನ್ಸ್ ಆಫ್ ಪರ್ಷಿಯಾ' ಇವತ್ತಿಗೂ ಬದುಕಿರುವುದು ಇದರ ದಯೆಯಿಂದ. ಮೂಲ ಡಾಸ್‌ಬಾಕ್ಸ್‌ನ ಬೆಳವಣಿಗೆ ನಿಧಾನವಾದ ಮೇಲೆ ಅದರಿಂದ ಕವಲೊಡೆದ 'ಡಾಸ್‌ಬಾಕ್ಸ್ ಸ್ಟೇಜಿಂಗ್', 'ಡಾಸ್‌ಬಾಕ್ಸ್-ಎಕ್ಸ್' ಕೆಲಸ ಮುಂದುವರಿಸಿವೆ.

ಎರಡನೆಯದು ಆಟದ ಎಂಜಿನ್ನನ್ನೇ ಹೊಸದಾಗಿ ಬರೆದು, ಹಳೆಯ ಚಿತ್ರ, ಧ್ವನಿ, ಕಥೆಯ ಕಡತಗಳನ್ನು ಅದಕ್ಕೆ ಉಣಿಸುವುದು. 2001ರಲ್ಲಿ ಆರಂಭವಾದ ಸ್ಕಮ್‌ವಿಎಂ ಲ್ಯೂಕಾಸ್‌ಆರ್ಟ್ಸ್‌ನ 'ಮಂಕಿ ಐಲ್ಯಾಂಡ್'ನಂಥ ಆಟಗಳಿಗಾಗಿ ಹುಟ್ಟಿ, ಇಂದು ನೂರಾರು ಆಟಗಳನ್ನು ಫೋನಿನಲ್ಲೂ ಓಡಿಸುತ್ತದೆ. ಇದನ್ನು ಶುರು ಮಾಡಿದವರಲ್ಲೊಬ್ಬರಾದ ಸ್ವೀಡನ್ನಿನ ಲುಡ್ವಿಗ್ ಸ್ಟ್ರಿಗೆಯಸ್ 2004ರಲ್ಲಿ 'ಟ್ರಾನ್ಸ್‌ಪೋರ್ಟ್ ಟೈಕೂನ್ ಡಿಲಕ್ಸ್' ಅನ್ನು ಬಿಚ್ಚಿ 'ಓಪನ್‌ಟಿಟಿಡಿ'ಯಾಗಿ ಮರಳಿ ಕಟ್ಟಿದರು. 'ಡೂಮ್' ಆಟದ ಮೂಲ ಕೋಡ್ ಅನ್ನು ಐಡಿ ಸಾಫ್ಟ್‌ವೇರ್ 1997ರ ಡಿಸೆಂಬರಿನಲ್ಲಿ ತಾನೇ ಬಿಡುಗಡೆ ಮಾಡಿತು. ಅಂದಿನಿಂದ ಡೂಮ್ ನಡೆಯದ ಆಪರೇಟಿಂಗ್ ಸಿಸ್ಟಂ ಹುಡುಕುವುದೇ ಕಷ್ಟ.

ಮೂರನೆಯದು ನಡುವಿನ ಪದರವನ್ನು ಅನುವಾದಿಸುವುದು. ಗ್ರಾಫಿಕ್ಸ್ ಕಾರ್ಡ್ ಮಾಡುತ್ತಿದ್ದ 3ಡಿಎಫ್‌ಎಕ್ಸ್ ಕಂಪನಿ ಮುಳುಗಿದ ಮೇಲೆ ಅದರ 'ಗ್ಲೈಡ್' ಭಾಷೆಯಲ್ಲಿ ಬರೆದ ಆಟಗಳು ಅನಾಥವಾಗಿದ್ದವು. ಡಿಜಿವೂಡೂ ಎಂಬ ತಂತ್ರಾಂಶ ಆ ಮಾತನ್ನು ಇಂದಿನ ಡೈರೆಕ್ಟ್‌ಎಕ್ಸ್‌ಗೆ ತಿರುಗಿಸಿ ಹೇಳುತ್ತದೆ. ಇದೇ ದಾರಿಯ ಅತಿ ದೊಡ್ಡ ಸಾಧನೆ ವೈನ್. ವಿಂಡೋಸ್ 3.1ರ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು 1993ರಲ್ಲಿ ಆರಂಭವಾದ ಈ ಯೋಜನೆಯ ಮೇಲೆ ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನ್ ಕಟ್ಟಿತು, 2022ರಲ್ಲಿ ಲಿನಕ್ಸ್ ಒಳಗಿಟ್ಟ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರ ಮಾರಿತು. 64 ಬಿಟ್ ವಿಂಡೋಸ್ ಮುಟ್ಟದ 16 ಬಿಟ್ ವಿಂಡೋಸ್ ಆಟಗಳನ್ನೂ 64 ಬಿಟ್ ಲಿನಕ್ಸ್‌ನಲ್ಲಿ ವೈನ್ ತೆರೆಯಬಲ್ಲದು. ಹಳೆಯ ವಿಂಡೋಸ್ ಆಟಕ್ಕೆ ವಿಂಡೋಸ್‌ಗಿಂತ ಅದರ ಪ್ರತಿಸ್ಪರ್ಧಿಯೇ ಒಳ್ಳೆಯ ಮನೆಯಾಗಿರುವುದು ಈ ಕ್ಷೇತ್ರದ ದೊಡ್ಡ ವ್ಯಂಗ್ಯ.

ಬೀಗಗಳ ಸಮಸ್ಯೆ

ತಂತ್ರದ ತೊಡಕುಗಳು ಹೀಗೆ ಒಂದೊಂದಾಗಿ ಸಡಿಲವಾದರೆ, ಬೀಗಗಳ ತೊಡಕು ಬೇರೆಯೇ ಜಾತಿಯದು. ನಕಲು ತಡೆಯಲೆಂದು ಸಿಡಿಗಳಲ್ಲಿದ್ದ ಸೇಫ್‌ಡಿಸ್ಕ್ ಒಂದು ಡ್ರೈವರನ್ನು ವಿಂಡೋಸ್‌ನ ಒಳಮನೆಗೇ ಕಳಿಸುತ್ತಿತ್ತು. ಅದು ಭದ್ರತೆಗೆ ಅಪಾಯವೆಂದು 2015ರಲ್ಲಿ ವಿಂಡೋಸ್ 10 ಅದನ್ನು ಒಳಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನ ಅಪ್‌ಡೇಟ್ ವಿಸ್ಟಾ, 7, 8ರಲ್ಲೂ ಅದನ್ನು ನಿಷ್ಕ್ರಿಯಗೊಳಿಸಿತು. ನಿರ್ಧಾರ ಸರಿಯಾದದ್ದೇ. ಆದರೆ ಹಣ ಕೊಟ್ಟು ಅಸಲಿ ಸಿಡಿ ಕೊಂಡವರ ಆಟ ನಿಂತಿತು, ಬೀಗ ಒಡೆದ ನಕಲಿ ಪ್ರತಿ ಮಾತ್ರ ನಡೆಯಿತು.

ಈ ಬಿರುಕಿನಲ್ಲಿ ವ್ಯಾಪಾರ ಕಂಡವರು ಪೋಲೆಂಡಿನ ಸಿಡಿ ಪ್ರೊಜೆಕ್ಟ್. ಅವರು 2008ರಲ್ಲಿ ತೆರೆದ ಗಾಗ್ ಅಂಗಡಿ ಹಕ್ಕುದಾರರ ಒಪ್ಪಿಗೆ ಪಡೆದು, ಬೀಗ ತೆಗೆದು, ಬೇಕಾದಲ್ಲಿ ಡಾಸ್‌ಬಾಕ್ಸ್ ಅಥವಾ ಸ್ಕಮ್‌ವಿಎಂ ಒಳಗಿಟ್ಟು ಆಟ ಮಾರುತ್ತದೆ. ಹವ್ಯಾಸಿಯ ಕೆಲಸ, ಅಂಗಡಿಯ ಹೊಣೆ, ಆಡುವವನ ನೆಮ್ಮದಿ ಮೂರೂ ಕೂಡಿದ ವಿರಳ ಏರ್ಪಾಡಿದು. ಎಲ್ಲರೂ ಹೀಗಿಲ್ಲ. ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ 'ವೈಸ್ ಸಿಟಿ'ಯ ಕೋಡನ್ನು ಬಿಚ್ಚಿ ಹೊಸ ವ್ಯವಸ್ಥೆಗಳಿಗೆ ಒಗ್ಗಿಸಿದ್ದ ಅಭಿಮಾನಿಗಳ ಮೇಲೆ ಆಟದ ಒಡೆತನವಿರುವ ಟೇಕ್-ಟೂ 2021ರಲ್ಲಿ ಮೊಕದ್ದಮೆ ಹೂಡಿತು. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದಂತೆ, ಅಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇಕಡಾ 87 ಆಗ ಮಾರಾಟಕ್ಕಿರಲಿಲ್ಲ.

ಇಂದು ಹಳೆಯ ಆಟ ಓಡಿಸಹೊರಟವರಿಗೆ ದಾರಿ ಮೊದಲಿನಷ್ಟು ಕತ್ತಲೆಯಲ್ಲ. ಡಾಸ್ ಆಟವಾದರೆ ಡಾಸ್‌ಬಾಕ್ಸ್. 16 ಬಿಟ್ ವಿಂಡೋಸ್ ಆಟವಾದರೆ ಎಮ್ಯುಲೇಟರಿನೊಳಗೊಂದು ಹಳೆಯ ವಿಂಡೋಸ್. ತೊಂಬತ್ತರ ಕೊನೆಯ ಮೂರು ಆಯಾಮದ ಆಟವಾದರೆ ಡಿಜಿವೂಡೂ. ಸಿಡಿಯ ಬೀಗ ಅಡ್ಡ ಬಂದರೆ ಬೀಗವಿಲ್ಲದ ಪ್ರತಿಯನ್ನು ಕೊಳ್ಳುವುದು. ಇವೆಲ್ಲಕ್ಕೂ ಆಧಾರ ಒಂದೇ: ಆಟ ಪೂರ್ತಿಯಾಗಿ ಕೊಂಡವನ ಕೈಯಲ್ಲಿದೆ.

ಆ ಆಧಾರವೇ ಈಗ ಸಡಿಲವಾಗುತ್ತಿದೆ. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು 'ದ ಕ್ರೂ' ಆಟದ ಸರ್ವರುಗಳನ್ನು ನಿಲ್ಲಿಸಿದಾಗ, ಒಬ್ಬರೇ ಆಡುತ್ತಿದ್ದವರಿಗೂ ಅದು ಇಲ್ಲವಾಯಿತು. ಅದರ ವಿರುದ್ಧ ಹುಟ್ಟಿದ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿಯ ಯುರೋಪಿನ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿದ್ದವು. ಪ್ರೊಸೆಸರನ್ನೂ ಸೌಂಡ್ ಕಾರ್ಡನ್ನೂ ಹವ್ಯಾಸಿಗಳು ಮರಳಿ ಕಟ್ಟಬಲ್ಲರು, ಏಕೆಂದರೆ ಅವುಗಳ ನಡೆಯನ್ನು ಕೈಯಲ್ಲಿರುವ ಯಂತ್ರದಿಂದಲೇ ಅಳೆಯಬಹುದಿತ್ತು. ಸರ್ವರಿನಲ್ಲಿ ಓಡಿದ ಅರ್ಧ ಆಟವನ್ನು ಹೊರಗಿನವರು ಯಾರೂ ಕಂಡೇ ಇಲ್ಲ. ಮುಂದಿನ ತಲೆಮಾರಿನ ಹೊಂದಾಣಿಕೆಯ ಹೊರೆಯನ್ನು ಸುಲಭವಾಗಿ ಹೊರಬಲ್ಲವರು ಆಟ ಮಾರಿದ ಕಂಪನಿಗಳೇ. ಅವುಗಳ ಮೇಲೆ ಆ ಹೊರೆ ಹೊರಿಸುವ ಕೆಲಸ ಎಮ್ಯುಲೇಟರಿನದಲ್ಲ, ಕಾನೂನಿನದು.